ಶೋಧಯಂತ್ರಗಳೂ ಯೋಗ್ಯಾನುಪಲಬ್ಧಿಯೂ

ವಸ್ತುವಿನ ಇರವನ್ನು ತಿಳಿಯುವುದಕ್ಕೆ ಪ್ರತ್ಯಕ್ಷವೇ ಮೊದಲಾದ ಪ್ರಮಾಣಗಳಿರುವಂತೆ, ಅದರ ಅಭಾವವನ್ನು ತಿಳಿಯುವುದಕ್ಕೆ ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವುಂಟೆಂದು ಭಾಟ್ಟಮೀಮಾಂಸಕರೂ ಅದ್ವೈತವೇದಾಂತಿಗಳೂ ಒಪ್ಪಿರುವರು. ಬೆಳಕಿರುವ ಕೋಣೆಯ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ನಿಶ್ಚಯವಾಗುತ್ತದೆ. ಅದೇ ಕೋಣೆಯಲ್ಲಿ ಕತ್ತಲೆ ಕವಿದಿದ್ದರೆ, ಗಡಿಗೆಯು ಕಾಣಲಿಲ್ಲವೆಂಬುದರಿಂದ ಯಾವುದೂ ಸಿದ್ಧವಾಗುವುದಿಲ್ಲ. ಪಿಶಾಚವು ಕಾಣಲಿಲ್ಲವೆಂಬುದರಿಂದಲೂ ಅದರ ಅಭಾವವು ಸಿದ್ಧವಾಗದು. ಏಕೆಂದರೆ ಅದು ಕಣ್ಣಿಗೆ ಕಾಣತಕ್ಕ ವಸ್ತುವೇ ಅಲ್ಲ. ಆದುದರಿಂದ ‘ಇದ್ದಿದ್ದರೆ ಕಾಣಲೇಬೇಕಾಗಿತ್ತು’ ಎಂದು ಹೇಳಬಹುದಾದ ಸ್ಥಳದಲ್ಲಿ ಮಾತ್ರವೇ ಕಾಣದಿರುವಿಕೆಯು ಪ್ರಮಾಣವೆಂದು ಶಾಸ್ತ್ರಕಾರರು ನಿಯಮಿಸಿ, ಅದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರಿಟ್ಟರು.

ಈ ಹಳೆಯ ವಿಚಾರವು ಇಂದಿನ ವಿದ್ಯಾರ್ಥಿಗಳ ಗ್ರಂಥಾನ್ವೇಷಣಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. ಗಣಕಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಯು ಒಂದು ಪದವನ್ನು ಬರೆದು ಶೋಧಯಂತ್ರವನ್ನು ಕೇಳುತ್ತಾನೆ. ಉತ್ತರವಾಗಿ ಏನೂ ಬರುವುದಿಲ್ಲ; ಅಥವಾ ನಾಲ್ಕಾರು ಇಂಗ್ಲಿಷ್ ಲೇಖನಗಳು ಮಾತ್ರ ಬರುತ್ತವೆ. ಒಡನೆಯೇ ಅವನು ತನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ‘ಈ ವಿಷಯದಲ್ಲಿ ಇದುವರೆಗೆ ಯಾವ ಸಂಶೋಧನೆಯೂ ನಡೆದಿಲ್ಲ’ ಎಂದು ಬರೆದುಬಿಡುತ್ತಾನೆ. ಹಿಂದಿನ ಪಂಡಿತರು ಹತ್ತಾರು ವರ್ಷ ಶ್ರಮಿಸಿ ನಿರ್ಣಯಿಸಿದ ವಿಷಯವು ಹೀಗೆ ಒಂದು ವಾಕ್ಯದಿಂದ ಅಳಿದುಹೋಗುತ್ತದೆ. ಮುಂದೆ ಆ ಪ್ರಬಂಧವೇ ಅದೇ ಯಂತ್ರದೊಳಗೆ ಸೇರಿ, ಮತ್ತೊಬ್ಬ ವಿದ್ಯಾರ್ಥಿಗೆ ಪ್ರಮಾಣವಾಗಿ ಒದಗುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆಯಿಲ್ಲವೆಂದು ಸಾರಿದಂತಹ ಈ ದೋಷವು ಎಲ್ಲಿಂದ ಬರುತ್ತದೆ, ಅದನ್ನು ಪರಿಹರಿಸುವ ಬಗೆ ಯಾವುದು ಎಂಬುದೇ ಪ್ರಕೃತ ವಿಚಾರಿಸತಕ್ಕ ವಿಷಯ.

೧

ಮೊದಲು ಈ ಸಾಧನದ ಸ್ವರೂಪವನ್ನು ತಿಳಿಯಬೇಕು. ಸರ್ಚ್ ಎಂಜಿನ್ ಎಂದು ರೂಢಿಯಾಗಿರುವ ಶೋಧಯಂತ್ರವೂ, ಡೇಟಾಬೇಸ್ ಎಂದು ಗ್ರಂಥಾಲಯಗಳಲ್ಲಿ ಕರೆಯುವ ದತ್ತಕೋಶವೂ ತತ್ತ್ವದಲ್ಲಿ ಹೊಸವಲ್ಲ, ಅವು ಅನುಕ್ರಮಣಿಕೆಗಳು. ಕಾತ್ಯಾಯನನ ಸರ್ವಾನುಕ್ರಮಣಿಯು ಋಗ್ವೇದದ ಪ್ರತಿಯೊಂದು ಸೂಕ್ತಕ್ಕೂ ಪ್ರತೀಕ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವುಗಳನ್ನು ಹೇಳುತ್ತದೆ. ಗ್ರಂಥಾಲಯದ ದತ್ತಕೋಶವು ಪ್ರತಿಯೊಂದು ಗ್ರಂಥಕ್ಕೂ ಶೀರ್ಷಿಕೆ, ಕರ್ತೃ, ಪ್ರಕಟನೆಯ ವರ್ಷ, ವಿಷಯ ಇವುಗಳನ್ನು ಹೇಳುವುದೂ ಇದೇ ರೀತಿ. ಬ್ಲೂಮ್‌ಫೀಲ್ಡನು ೧೯೦೬ರಲ್ಲಿ ಪ್ರಕಟಿಸಿದ ವೈದಿಕ ಮಂತ್ರಕೋಶವು ಮಂತ್ರಪಾದಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದೂ ಎಲ್ಲೆಲ್ಲಿ ಬರುತ್ತದೆಂದು ತೋರಿಸುತ್ತದೆ. ಪೂರ್ಣಪಾಠದಲ್ಲಿ ಹುಡುಕುವ ಶೋಧಯಂತ್ರವು ಲಕ್ಷಾಂತರ ಗ್ರಂಥಗಳ ವಿಷಯದಲ್ಲಿ ಮಾಡುವುದೂ ಇದನ್ನೇ. ಪ್ರತಿಯೊಂದು ಪದವನ್ನೂ ಅದು ಮೊದಲೇ ಪಟ್ಟಿ ಮಾಡಿ, ಆ ಪದವಿರುವ ಸ್ಥಳಗಳನ್ನು ಗುರುತು ಹಾಕಿಕೊಂಡಿರುತ್ತದೆ. ಕೇಳಿದಾಗ ಗ್ರಂಥಗಳನ್ನು ಓದದೆ ಪಟ್ಟಿಯನ್ನು ನೋಡಿ ಉತ್ತರ ಕೊಡುತ್ತದೆ.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಒಂದನೆಯದು, ಪಟ್ಟಿಯಲ್ಲಿ ಸೇರದಿರುವುದು ಎಷ್ಟು ಪ್ರಸಿದ್ಧವಾಗಿದ್ದರೂ ಯಂತ್ರದ ಪಾಲಿಗೆ ಇಲ್ಲದಿದ್ದಂತೆಯೇ. ಎರಡನೆಯದು, ಯಂತ್ರವು ಮೂಲತಃ ಹೋಲಿಸುವುದು ಅಕ್ಷರಗಳನ್ನೇ ಹೊರತು ಅರ್ಥವನ್ನಲ್ಲ. ಈಚಿನ ಯಂತ್ರಗಳು ಸಮಾನಾರ್ಥಕ ಪದಗಳನ್ನು ಊಹಿಸಲು ಯತ್ನಿಸುತ್ತವೆಯಾದರೂ, ಆ ಊಹೆಯು ಇಂಗ್ಲಿಷಿನಲ್ಲಿ ಸಾಗುವಷ್ಟು ದೂರ ಕನ್ನಡದಲ್ಲಿ ಸಾಗುವುದಿಲ್ಲ.

೨

ಇನ್ನು ಭಂಡಾರಗಳ ವಿಚಾರ. ೨೦೦೪ರ ನವೆಂಬರಿನಲ್ಲಿ ಆರಂಭವಾದ ಗೂಗಲ್ ಸ್ಕಾಲರ್ ಎಂಬುದು ವಿದ್ವತ್ಪತ್ರಿಕೆಗಳು, ಪ್ರಬಂಧಗಳು, ಗ್ರಂಥಗಳು ಇವುಗಳ ನಡುವೆ ಹುಡುಕುವ ಸಾರ್ವಜನಿಕ ಶೋಧಯಂತ್ರ. ಒಂದು ಬರವಣಿಗೆಯನ್ನು ಎಷ್ಟು ಮಂದಿ ಉಲ್ಲೇಖಿಸಿರುವರೆಂಬುದು ಅದು ಉತ್ತರಗಳನ್ನು ಜೋಡಿಸುವ ಕ್ರಮದಲ್ಲಿ ಮುಖ್ಯವಾದ ಕಾರಣಗಳಲ್ಲೊಂದು. ೧೯೯೫ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಜೆಸ್ಟೋರ್ ಹಳೆಯ ವಿದ್ವತ್ಪತ್ರಿಕೆಗಳ ಸಂಪುಟಗಳನ್ನು ಮೊದಲಿನಿಂದ ಸಂಗ್ರಹಿಸಿಟ್ಟಿದೆ. ಅಮೆರಿಕದ ಪ್ರಾಚ್ಯಸಂಘದ ಪತ್ರಿಕೆಯೂ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾಮಂದಿರದ ವಾರ್ಷಿಕಪತ್ರಿಕೆಯೂ ಅಲ್ಲಿ ದೊರೆಯುತ್ತವೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ಶೋಧಗಂಗಾ ಎಂಬ ಭಂಡಾರದಲ್ಲಿ ಭಾರತದ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳಿವೆ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೦೯ರ ನಿಯಮದಿಂದ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ವಿಧಿಸಿತು. ಖರಗ್‌ಪುರದ ಐ.ಐ.ಟಿ.ಯು ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ೨೦೧೮ರಲ್ಲಿ ದೇಶಕ್ಕೆ ಸಮರ್ಪಿತವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಭಾಗಿಯಾಗಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಚಿತ್ರಿತವಾದ ಕನ್ನಡ ಗ್ರಂಥಗಳಲ್ಲಿ ಅನೇಕವು ಈಗ ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಉಳಿದಿವೆ. ೨೦೨೫ರ ಜನವರಿಯಿಂದ ನಡೆಯುತ್ತಿರುವ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಕೇಂದ್ರ ಸರಕಾರದ ಯೋಜನೆಯಿಂದ ೩೦ ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು ಸರಕಾರೀ ಉಚ್ಚಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ.

ಈ ಸಂಪತ್ತು ಅಲ್ಪವಲ್ಲ. ಹಿಂದೆ ಒಂದು ಲೇಖನಕ್ಕಾಗಿ ಮದರಾಸಿಗೂ ಪುಣೆಗೂ ಪ್ರಯಾಣ ಮಾಡಬೇಕಾಗಿದ್ದ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದೊಂದು ಭಂಡಾರಕ್ಕೂ ಒಂದೊಂದು ಎಲ್ಲೆಯಿದೆ. ಎಲ್ಲೆಯನ್ನರಿಯದೆ ಒಂದರಲ್ಲಿ ಹುಡುಕಿ ಎಲ್ಲದರ ವಿಷಯವಾಗಿ ನಿರ್ಣಯ ಹೇಳುವುದು ಸಲ್ಲದು.

೩

ದೃಷ್ಟಾಂತಕ್ಕಾಗಿ ಕವಿರಾಜಮಾರ್ಗದ ಕರ್ತೃತ್ವವನ್ನು ತೆಗೆದುಕೊಳ್ಳಬಹುದು. ಈ ಗ್ರಂಥವನ್ನು ರಚಿಸಿದವನು ರಾಷ್ಟ್ರಕೂಟ ಚಕ್ರವರ್ತಿಯಾದ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ ಎಂಬ ಚರ್ಚೆಯು ೧೮೯೮ರಲ್ಲಿ ಕೆ. ಬಿ. ಪಾಠಕರು ಗ್ರಂಥವನ್ನು ಮೊದಲು ಅಚ್ಚುಮಾಡಿಸಿದ ಮೇಲೆ ಬೆಳೆಯುತ್ತ ಬಂದಿತು. ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲನೆಯ ಸಂಪುಟವು ೧೯೦೭ರಲ್ಲಿ ಹೊರಬಂದಿತು, ಎ. ವೆಂಕಟರಾವ್ ಮತ್ತು ಎಚ್. ಶೇಷಯ್ಯಂಗಾರ್ಯರ ಪರಿಷ್ಕರಣವು ೧೯೩೦ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಎಂ. ಎಂ. ಕಲಬುರ್ಗಿಯವರ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ವೂ, ಕೆ. ವಿ. ಸುಬ್ಬಣ್ಣನವರ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬುದೂ ಈ ಗ್ರಂಥವನ್ನು ಕುರಿತ ವಿಚಾರವನ್ನು ಮುಂದುವರಿಸಿದವು. ಇಂಗ್ಲಿಷಿನಲ್ಲಿ ಶೆಲ್ಡನ್ ಪೊಲಾಕರು ೧೯೯೮ರ ಲೇಖನದಲ್ಲಿಯೂ ೨೦೦೬ರ ಬೃಹದ್ಗ್ರಂಥದಲ್ಲಿಯೂ ಕವಿರಾಜಮಾರ್ಗವನ್ನು ದೇಶಭಾಷಾ ಸಾಹಿತ್ಯಗಳ ಉದಯಕ್ಕೆ ಮುಖ್ಯಸಾಕ್ಷಿಯನ್ನಾಗಿ ವಿವೇಚಿಸಿರುವರು.

ವಿದ್ಯಾರ್ಥಿಯೊಬ್ಬನು ಗ್ರಂಥದ ಹೆಸರನ್ನು ರೋಮನ್ ಲಿಪಿಯಲ್ಲಿ ಒಮ್ಮೆ ಬರೆದು ಹುಡುಕಿದರೆ, ಲೋಕದಲ್ಲಿ ಹೆಚ್ಚು ಉಲ್ಲೇಖಗೊಂಡ ಇಂಗ್ಲಿಷ್ ಬರವಣಿಗೆಗಳು ಮೇಲೆ ನಿಲ್ಲುವುದು ಸಹಜ. ಅದು ಆ ಬರವಣಿಗೆಗಳ ದೋಷವಲ್ಲ, ಅವು ಓದತಕ್ಕವೇ. ಆದರೆ ಅವುಗಳ ಹಿಂದಿರುವ ನೂರು ವರ್ಷಗಳ ಕನ್ನಡ ಚರ್ಚೆಯು ಅವನ ಕಣ್ಣಿಗೆ ಬೀಳದೆ ಹೋದರೆ, ಪೂರ್ವಪಕ್ಷವನ್ನೇ ಕೇಳದೆ ಸಿದ್ಧಾಂತವನ್ನು ಹೇಳಿದಂತಾಗುತ್ತದೆ. ಆ ಚರ್ಚೆಯು ಏಕೆ ಕಾಣುವುದಿಲ್ಲವೆಂಬುದಕ್ಕೆ ಐದು ಕಾರಣಗಳನ್ನು ಎಣಿಸಬಹುದು.

೪

ಮೊದಲನೆಯದು ನಾಮಭೇದ. ನೃಪತುಂಗ ಎಂಬ ಹೆಸರಿನ ಋಕಾರವನ್ನು ರೋಮನ್ ಲಿಪಿಯಲ್ಲಿ ಕೆಲವರು ‘ರಿ’ ಎಂದೂ, ಕೆಲವರು ‘ರು’ ಎಂದೂ, ಮತ್ತೆ ಕೆಲವರು ಕೆಳಗೆ ಬಿಂದುವಿಟ್ಟ ರೇಫವೊಂದರಿಂದಲೇ ಬರೆಯುವರು. ಅದೇ ರಾಜನು ಮತ್ತೊಂದು ಲೇಖನದಲ್ಲಿ ಅಮೋಘವರ್ಷನೆಂದೇ ಬರುತ್ತಾನೆ. ಶ್ರೀವಿಜಯನ ಶಕಾರಕ್ಕೂ ಇದೇ ಗತಿ. ಭಾಷೆಯ ಹೆಸರೂ ಸ್ಥಿರವಲ್ಲ. ಇ. ಪಿ. ರೈಸರು ೧೯೧೫ರಲ್ಲಿ ಬರೆದ ಸಾಹಿತ್ಯಚರಿತ್ರೆಯ ಶೀರ್ಷಿಕೆಯಲ್ಲಿ ಕನ್ನಡವೆಂಬ ಪದವಿಲ್ಲ, ಅಲ್ಲಿರುವುದು ಕೆನರೀಸ್. ಆ ಕಾಲದ ಬರವಣಿಗೆಗಳಲ್ಲಿ ಈ ಪದವನ್ನು ‘ಕೆ’ ಎಂಬ ಅಕ್ಷರದಿಂದ ಆರಂಭಿಸಿದವರೂ ಉಂಟು, ‘ಸಿ’ ಎಂಬುದರಿಂದ ಆರಂಭಿಸಿದವರೂ ಉಂಟು. ಕನ್ನಡವೆಂದು ಮಾತ್ರ ಹುಡುಕುವವನು ಹತ್ತೊಂಬತ್ತನೆಯ ಶತಮಾನದ ಬಹುಭಾಗವನ್ನು ಕಳೆದುಕೊಳ್ಳುವನು.

ಎರಡನೆಯದು ವರ್ಣಭೇದ. ಹಳಗನ್ನಡ, ಪಳಗನ್ನಡ, ಪೞಗನ್ನಡ ಎಂಬ ಮೂರು ಓದುವವನಿಗೆ ಒಂದೇ. ಯಂತ್ರಕ್ಕೆ ಮೂರು ಬೇರೆ ಪದಗಳು. ಶಾಸನಗಳಲ್ಲಿ ರೇಫದ ಮುಂದಿನ ವ್ಯಂಜನವು ಇಮ್ಮಡಿಸಿ ಧರ್ಮ್ಮ, ಮಾರ್ಗ್ಗ ಎಂದಿರುವುದನ್ನು ಕೆಲವು ಸಂಪಾದಕರು ಹಾಗೆಯೇ ಉಳಿಸುವರು, ಕೆಲವರು ಸರಿಪಡಿಸುವರು. ಇದರ ಮೇಲೆ ಪ್ರತ್ಯಯಗಳೂ ಸಂಧಿಗಳೂ ಸೇರಿದರೆ ಪದದ ರೂಪವೇ ಬದಲಾಗುತ್ತದೆ. ‘ಮಾರ್ಗಕಾರ’, ‘ಮಾರ್ಗದಲ್ಲಿ’, ‘ಮಾರ್ಗವೆಂಬ’ ಇವುಗಳನ್ನು ಯಂತ್ರವು ಒಂದೇ ಪ್ರಕೃತಿಯಿಂದ ಬಂದವೆಂದು ತಿಳಿಯುವುದೆಂದು ನೆಚ್ಚುವಂತಿಲ್ಲ.

ಮೂರನೆಯದು ಸಂಕೇತಭೇದ. ಗಣಕದೊಳಗೆ ಅಕ್ಷರವೆಂಬುದು ಒಂದು ಸಂಖ್ಯೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ವ್ಯವಸ್ಥೆಯು ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿತು. ಆದರೆ ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಚ್ಚುಗಳಲ್ಲಿ ಸಿದ್ಧವಾದ ಬರವಣಿಗೆಗಳು ಬೇರೆ ಸಂಕೇತಗಳನ್ನು ಅನುಸರಿಸಿದವು. ಅಂತಹ ಪುಟವು ಕಣ್ಣಿಗೆ ಅಚ್ಚಕನ್ನಡವಾಗಿ ತೋರಿದರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪಾಗಿರುತ್ತದೆ. ಯೂನಿಕೋಡಿನಲ್ಲಿಯೂ ತೊಡಕಿಲ್ಲದೆ ಇಲ್ಲ. ಅರ್ಕಾವೊತ್ತನ್ನು ತಪ್ಪಿಸಿ ರೇಫವನ್ನು ಪೂರ್ಣಾಕ್ಷರವಾಗಿ ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಯೋಜಕ ಚಿಹ್ನೆಯನ್ನು ಇಡಬೇಕು. ಆ ಚಿಹ್ನೆಯಿರುವ ಪದವೂ ಇಲ್ಲದ ಪದವೂ ಹೋಲಿಕೆಯಲ್ಲಿ ತಾಳೆಯಾಗದೆ ಹೋಗಬಹುದು. ೞಕಾರಕ್ಕೆ ಆ ವ್ಯವಸ್ಥೆಯಲ್ಲಿ ಕೊಟ್ಟ ಇಂಗ್ಲಿಷ್ ಹೆಸರು ‘ಫ’ ಎಂದು ತಪ್ಪಾಗಿ ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಇಂದಿಗೂ ಹಾಗೆಯೇ ಉಳಿದು, ಪಕ್ಕದಲ್ಲಿ ಸರಿಯಾದ ಉಪನಾಮವೊಂದನ್ನು ಸೇರಿಸಿರುವುದು ಕನ್ನಡ ವೈಯಾಕರಣರು ನೆನಪಿಡತಕ್ಕ ಸಂಗತಿ.

ನಾಲ್ಕನೆಯದು ಪಾಠಾಭಾವ. ಹಳೆಯ ಗ್ರಂಥಗಳನ್ನು ಗಣಕಕ್ಕೆ ಸೇರಿಸುವಾಗ ಪುಟಗಳ ಚಿತ್ರವನ್ನು ಮಾತ್ರ ತೆಗೆದಿರುವುದುಂಟು. ಚಿತ್ರದಲ್ಲಿರುವ ಅಕ್ಷರವನ್ನು ಯಂತ್ರವು ಗುರುತಿಸಿ ಪಾಠವನ್ನಾಗಿ ಮಾಡದ ಹೊರತು ಅದರೊಳಗೆ ಹುಡುಕಲಾಗದು. ಗುರುತಿಸಿದಾಗಲೂ ಒತ್ತಕ್ಷರಗಳೂ ಸವೆದ ಮೊಳೆಗಳೂ ತಪ್ಪುಗಳಿಗೆ ಎಡೆಗೊಡುತ್ತವೆ. ಅಂತಹ ಗ್ರಂಥವು ಶೀರ್ಷಿಕೆಯಿಂದ ಮಾತ್ರ ಸಿಕ್ಕಬೇಕು. ಆ ಶೀರ್ಷಿಕೆಯನ್ನೇ ಕನ್ನಡವರಿಯದವರು ರೋಮನ್ ಲಿಪಿಯಲ್ಲಿ ತಪ್ಪಾಗಿ ಬರೆದಿದ್ದರೆ ಗ್ರಂಥವು ಭಂಡಾರದಲ್ಲಿದ್ದೂ ಇಲ್ಲದಂತಾಗುತ್ತದೆ.

ಐದನೆಯದು ಅಸಂಗ್ರಹ. ಯಾವ ಭಂಡಾರದಲ್ಲಿಯೂ ಸೇರದ ಪತ್ರಿಕೆಗಳು, ಅಭಿನಂದನ ಗ್ರಂಥಗಳು, ಹಸ್ತಪ್ರತಿಗಳು ಇನ್ನೂ ಅಪಾರವಾಗಿವೆ. ಈ ಸ್ಥಳದಲ್ಲಿ ಮೈಸೂರಿನ ಒಂದು ದೃಷ್ಟಾಂತವು ಸ್ಮರಣೀಯ. ಔಫ್ರೆಕ್ಟನ ಮಹಾಸೂಚಿಯು ೧೮೯೧ರಿಂದ ೧೯೦೩ರವರೆಗೆ ಮೂರು ಭಾಗಗಳಾಗಿ ಹೊರಬಂದು, ಆಗ ತಿಳಿದಿದ್ದ ಸಂಸ್ಕೃತ ಹಸ್ತಪ್ರತಿಗಳ ಪಟ್ಟಿಗಳನ್ನು ಒಂದೆಡೆ ಸೇರಿಸಿತು. ಆದರೂ ಕೌಟಿಲೀಯ ಅರ್ಥಶಾಸ್ತ್ರವು ಕಳೆದುಹೋದ ಗ್ರಂಥವೆಂದೇ ವಿದ್ವಾಂಸರ ಭಾವನೆಯಾಗಿತ್ತು. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ತಾಳೆಯೋಲೆಯಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನು ಪ್ರಕಟಿಸಿದರು. ಸೂಚಿಗಳಲ್ಲಿ ಕಾಣಲಿಲ್ಲವೆಂಬುದನ್ನೇ ಪ್ರಮಾಣವಾಗಿ ಹಿಡಿದು ಕುಳಿತಿದ್ದರೆ, ಆ ಓಲೆಗಳನ್ನು ಬಿಚ್ಚಿ ನೋಡುವವರೇ ಇರುತ್ತಿರಲಿಲ್ಲ.

೫

ಹಾಗಾದರೆ ಅನುಪಲಬ್ಧಿಯನ್ನು ಯೋಗ್ಯವಾಗಿಸುವ ಬಗೆ ಯಾವುದು? ಮೊದಲು ಪ್ರಶ್ನೆಯನ್ನು ಅಧಿಕರಣದ ರೀತಿಯಲ್ಲಿ ನಿಲ್ಲಿಸಿಕೊಳ್ಳಬೇಕು. ವಿಷಯವೇನು, ಸಂಶಯವೇನು, ಪೂರ್ವಪಕ್ಷ ಯಾರದು ಎಂಬುದನ್ನು ಕಾಗದದ ಮೇಲೆ ಬರೆಯದೆ ಯಂತ್ರದ ಮುಂದೆ ಕೂರಬಾರದು. ‘ಕವಿರಾಜಮಾರ್ಗ’ ಎಂಬುದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ‘ಗ್ರಂಥದಲ್ಲಿ ನೃಪತುಂಗನ ಅನುಮತಿಯನ್ನು ಹೇಳುವ ಮಾತುಗಳಿಂದ ಕರ್ತೃವು ಅವನಲ್ಲವೆಂದು ಸಿದ್ಧವಾಗುವುದೋ ಇಲ್ಲವೋ’ ಎಂಬುದು ಪ್ರಶ್ನೆ.

ಬಳಿಕ ಅಮರಕೋಶದ ರೀತಿಯಲ್ಲಿ ಒಂದು ಪರ್ಯಾಯಪಟ್ಟಿಯನ್ನು ಮಾಡಬೇಕು. ಗ್ರಂಥ, ಕರ್ತೃ, ರಾಜ, ಭಾಷೆ ಇವುಗಳಲ್ಲಿ ಒಂದೊಂದಕ್ಕೂ ಕನ್ನಡದ ರೂಪಗಳು, ರೋಮನ್ ರೂಪಗಳು, ಹಳೆಯ ಕಾಲದ ರೂಪಗಳು ಎಲ್ಲವನ್ನೂ ಬರೆದಿಡಬೇಕು. ಈ ಪಟ್ಟಿಯನ್ನು ಜೋಡಿಸುವುದಕ್ಕೆ ಬೂಲನು ೧೮೫೪ರ ಗ್ರಂಥದಲ್ಲಿ ವಿವರಿಸಿದ ತರ್ಕಗಣಿತದಿಂದ ಬಂದ ಮೂರು ಸಂಬಂಧಗಳಿವೆ. ಮೀಮಾಂಸೆಯ ಪರಿಚಯವಿರುವವರಿಗೆ ಅವು ಸಮುಚ್ಚಯ, ವಿಕಲ್ಪ, ಪರ್ಯುದಾಸಗಳನ್ನು ನೆನಪಿಗೆ ತರುತ್ತವೆ. ಗೂಗಲ್ ಸ್ಕಾಲರಿನಲ್ಲಿ ಪದಗಳನ್ನು ಸುಮ್ಮನೆ ಪಕ್ಕಪಕ್ಕದಲ್ಲಿ ಬರೆದರೆ ಸಮುಚ್ಚಯ. ನಡುವೆ ‘ಆರ್’ ಎಂಬ ಇಂಗ್ಲಿಷ್ ಪದವನ್ನು ದೊಡ್ಡ ಅಕ್ಷರಗಳಲ್ಲಿ ಬರೆದರೆ ವಿಕಲ್ಪ. ಪದದ ಹಿಂದೆ ಋಣಚಿಹ್ನೆಯನ್ನಿಟ್ಟರೆ ಪರ್ಯುದಾಸ. ಉದ್ಧರಣ ಚಿಹ್ನೆಗಳ ನಡುವೆ ಬರೆದ ಪದಸಮೂಹವನ್ನು ಯಂತ್ರವು ಅದೇ ಕ್ರಮದಲ್ಲಿ ಹುಡುಕುತ್ತದೆ. ರೂಪಾಂತರಗಳನ್ನು ವಿಕಲ್ಪದಿಂದಲೂ, ಬೇರೆ ಬೇರೆ ಅಂಶಗಳನ್ನು ಸಮುಚ್ಚಯದಿಂದಲೂ ಜೋಡಿಸುವುದು ಕ್ರಮ. ವಿದ್ಯಾರ್ಥಿಗಳು ಇದನ್ನು ತಿರುವುಮುರುವು ಮಾಡಿ, ಎಲ್ಲ ರೂಪಗಳನ್ನೂ ಒಟ್ಟಿಗೆ ಬರೆದು, ಉತ್ತರವೇ ಬಾರದಂತೆ ಮಾಡಿಕೊಳ್ಳುವುದುಂಟು.

ಮೂರನೆಯದಾಗಿ, ಸಿಕ್ಕಿದ ಒಂದು ಒಳ್ಳೆಯ ಲೇಖನದಿಂದ ಎರಡು ದಿಕ್ಕಿಗೂ ನಡೆಯಬೇಕು. ಅದರ ಅಡಿಟಿಪ್ಪಣಿಗಳು ಹಿಂದಿನ ಬರವಣಿಗೆಗಳಿಗೆ ಒಯ್ಯುತ್ತವೆ. ಅದನ್ನು ಮುಂದೆ ಯಾರು ಉಲ್ಲೇಖಿಸಿದರೆಂಬ ಪಟ್ಟಿಯು ಈಚಿನ ಬರವಣಿಗೆಗಳಿಗೆ ಒಯ್ಯುತ್ತದೆ. ಯೂಜಿನ್ ಗಾರ್ಫೀಲ್ಡನು ೧೯೫೫ರಲ್ಲಿ ಸೂಚಿಸಿ ೧೯೬೪ರಲ್ಲಿ ವಿಜ್ಞಾನಗಳಿಗಾಗಿ ಅಚ್ಚುಮಾಡಿದ ಉಲ್ಲೇಖಸೂಚಿಯ ತತ್ತ್ವವೇ ಇದು. ಶಾಸ್ತ್ರಪಾಠದಲ್ಲಿ ಮೂಲದಿಂದ ವ್ಯಾಖ್ಯಾನಕ್ಕೂ, ವ್ಯಾಖ್ಯಾನದಿಂದ ಟೀಕೆಗೂ ನಡೆದು ಅಭ್ಯಾಸವಿರುವವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಾದುದಿಲ್ಲ.

ನಾಲ್ಕನೆಯದಾಗಿ, ಯಂತ್ರವು ಮುಟ್ಟದ ಸ್ಥಳಗಳಿಗೆ ಕಾಲುನಡೆಯಿಂದಲೇ ಹೋಗಬೇಕು. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ೧೯೧೯ರಲ್ಲಿ ಆರಂಭವಾದ ಪ್ರಬುದ್ಧ ಕರ್ಣಾಟಕ ಇವುಗಳ ಹಳೆಯ ಸಂಪುಟಗಳನ್ನು ವಿಷಯಸೂಚಿಯಿಂದ ಸೂಚಿಗೆ ತಿರುವಿ ನೋಡದೆ ಕವಿರಾಜಮಾರ್ಗದ ಕರ್ತೃತ್ವವನ್ನು ಕುರಿತು ‘ಏನೂ ನಡೆದಿಲ್ಲ’ ಎನ್ನುವ ಅಧಿಕಾರವು ಯಾರಿಗೂ ಇಲ್ಲ.

ಕೊನೆಯದಾಗಿ, ಹುಡುಕಿದ ಭಂಡಾರ, ಬಳಸಿದ ಪದಗಳು, ಹುಡುಕಿದ ದಿನ ಇವುಗಳನ್ನು ಟಿಪ್ಪಣಿಯ ಪುಸ್ತಕದಲ್ಲಿ ಬರೆದಿಡಬೇಕು. ಭಂಡಾರಗಳು ದಿನೇ ದಿನೇ ಬೆಳೆಯುವುದರಿಂದ ನಿನ್ನೆ ಕಾಣದಿದ್ದುದು ನಾಳೆ ಕಾಣಬಹುದು. ಈ ಬರಹವಿದ್ದರೆ ವಿದ್ಯಾರ್ಥಿಯು ‘ಸಂಶೋಧನೆ ನಡೆದಿಲ್ಲ’ ಎನ್ನುವ ಬದಲು ‘ಇಂತಹ ಭಂಡಾರಗಳಲ್ಲಿ ಇಂತಹ ಪದಗಳಿಂದ ಇಂತಹ ದಿನ ಹುಡುಕಿದಲ್ಲಿ ದೊರೆಯಲಿಲ್ಲ’ ಎಂದು ಬರೆಯುವನು. ಮೊದಲನೆಯದು ಅಭಾವದ ಪ್ರತಿಜ್ಞೆ. ಎರಡನೆಯದು ಅನುಪಲಬ್ಧಿಯ ನಿವೇದನೆ. ಎರಡನೆಯದನ್ನು ಮತ್ತೊಬ್ಬನು ಪರೀಕ್ಷಿಸಬಹುದು; ಸರಿಯೆಂದೋ ಅಲ್ಲವೆಂದೋ ಹೇಳಬಹುದು.

೬

ಕಾಣದುದರಿಂದ ಬರುವ ಭ್ರಮೆಯಂತೆ ಕಂಡುದರಿಂದ ಬರುವ ಭ್ರಮೆಯೂ ಉಂಟು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ಮೇಲೆ, ಕೇಳಿದ ಪ್ರಶ್ನೆಗೆ ವಾಕ್ಯಗಳಲ್ಲಿಯೇ ಉತ್ತರ ಹೇಳುವ ಯಂತ್ರಗಳು ವಿದ್ಯಾರ್ಥಿಗಳ ಕೈಗೆ ಸಿಕ್ಕಿವೆ. ಇವು ಕೆಲವೊಮ್ಮೆ ಎಲ್ಲಿಯೂ ಇಲ್ಲದ ಲೇಖನಕ್ಕೆ ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟಸಂಖ್ಯೆಗಳನ್ನು ಕಟ್ಟಿಕೊಡುತ್ತವೆ. ಇದು ಶುಕ್ತಿಯಲ್ಲಿ ರಜತವು ತೋರಿದಂತೆ. ಹೊಳಪು ನಿಜ, ಬೆಳ್ಳಿ ನಿಜವಲ್ಲ. ಕೈಗೆತ್ತಿಕೊಂಡು ನೋಡಿದ ಹೊರತು ಈ ಭ್ರಮೆಯು ಹರಿಯುವುದಿಲ್ಲ. ಪುಟವನ್ನು ಕಣ್ಣಾರೆ ಕಾಣದೆ ಯಾವ ಉಲ್ಲೇಖವನ್ನೂ ಬರೆಯಕೂಡದೆಂಬ ಹಳೆಯ ನಿಯಮಕ್ಕೆ ಇಂದು ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ.

ವಿದ್ಯಾರ್ಥಿಗಳನ್ನು ಮಾತ್ರ ದೂಷಿಸಿ ಸುಮ್ಮನಾಗುವುದೂ ನ್ಯಾಯವಲ್ಲ. ಕೋಣೆಯಲ್ಲಿ ಕತ್ತಲೆಯಿದ್ದರೆ ದೀಪ ಹಚ್ಚುವ ಹೊಣೆ ಮನೆಯವರದು. ಸಂಶೋಧನ ಪತ್ರಿಕೆಗಳನ್ನು ನಡೆಸುವ ಸಂಸ್ಥೆಗಳು ತಮ್ಮ ಹಳೆಯ ಸಂಪುಟಗಳ ಲೇಖನಸೂಚಿಯನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸಿ, ಪ್ರತಿಯೊಂದು ಶೀರ್ಷಿಕೆಗೂ ಲೇಖಕನ ಹೆಸರಿಗೂ ರೋಮನ್ ರೂಪವೊಂದನ್ನು ಜೊತೆಗಿಟ್ಟು, ಎಲ್ಲರಿಗೂ ತೆರೆದಿಟ್ಟರೆ ಮೇಲೆ ಹೇಳಿದ ಐದು ದೋಷಗಳಲ್ಲಿ ಬಹುಭಾಗವು ತಾನಾಗಿಯೇ ನೀಗುತ್ತದೆ. ಪೂರ್ಣಪಾಠವನ್ನು ಸಿದ್ಧಗೊಳಿಸಲು ಹಣವೂ ಕಾಲವೂ ಬೇಕಾಗಬಹುದು. ಸೂಚಿಗೆ ಬೇಕಾದುದು ಮುಖ್ಯವಾಗಿ ಶ್ರದ್ಧೆ. ಸೂಕ್ತಗಳ ಪಾಠವು ಬಾಯಿಂದ ಬಾಯಿಗೆ ನಡೆಯುತ್ತಿದ್ದ ಕಾಲದಲ್ಲಿಯೇ ಅನುಕ್ರಮಣಿಯನ್ನು ರಚಿಸಿಕೊಂಡ ಪರಂಪರೆಗೆ ಈ ಕೆಲಸವು ಹೊಸದೂ ಅಲ್ಲ, ಅಸಾಧ್ಯವೂ ಅಲ್ಲ. ಅದು ನಡೆಯುವವರೆಗೆ ಅಧ್ಯಾಪಕರು ತಮ್ಮ ಶಿಷ್ಯರ ಪ್ರಬಂಧದಲ್ಲಿ ‘ಇಲ್ಲ’ ಎಂಬ ಮಾತು ಬಂದ ಕಡೆಯಲ್ಲೆಲ್ಲ ನಿಲ್ಲಿಸಿ, ‘ಎಲ್ಲಿ ನೋಡಿದೆ, ಹೇಗೆ ನೋಡಿದೆ’ ಎಂದು ಕೇಳುವುದು ಯುಕ್ತವಾಗಿದೆ.